ಬಿಡದಿಯೋ, ಹೈದರಾಬಾದೋ, ಖೋಪೋಲಿಯೋ? ಮಕ್ಕಳು ಮತ್ತು ಅವ್ವನ ಜೊತೆ ಯಾವ ಪಾರ್ಕ್, ಯಾವ ತಿಂಗಳು?

ಹುಬ್ಬಳ್ಳಿ_ಗಿರ್ಮಿಟ್

ನಾವು ಹುಬ್ಬಳ್ಳಿಯವರು. ಮಕ್ಕಳನ್ನು ಒಂದು ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋಗಬೇಕು ಅಂತ ಒಂದು ವರ್ಷದಿಂದ ಮಾತಾಡುತ್ತಲೇ ಇದ್ದೇವೆ. ಈಗ ಏಪ್ರಿಲ್ ರಜೆಯೂ ಶುರುವಾಯಿತು, ಇನ್ನೂ ಎಲ್ಲಿಗೆ ಅನ್ನೋದೇ ಗಟ್ಟಿಯಾಗಿಲ್ಲ.

ಹೊರಡುವವರು ನಾನು, ನಮ್ಮವರು, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ನಮ್ಮ ಅವ್ವ. ಅವ್ವನಿಗೆ 66, ಮಂಡಿ ನೋವು. ಸಪಾಟು ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾಳೆ, ಮೆಟ್ಟಿಲು ಕಂಡರೆ ನಿಂತುಬಿಡುತ್ತಾಳೆ. ಮನೆಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ.

ಮಗಳದ್ದೇ ದೊಡ್ಡ ವಿಷಯ. ಹೋದ ವರ್ಷ ಬೇರೆ ಊರಿನ ಒಂದು ಪಾರ್ಕಿಗೆ ಹೋಗಿದ್ದೆವು. ಅಲ್ಲಿ ರೋಲರ್ ಕೋಸ್ಟರ್ ಸಾಲಿನಲ್ಲಿ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತು, ಕೊನೆಗೆ ಮೇಲೆ ಹತ್ತಿದ ಮೇಲೆ ಅಳತೆ ಕೋಲಿಗೆ ನಿಲ್ಲಿಸಿ ‘ಎತ್ತರ ಸಾಲದು, ಇಳಿಯಿರಿ’ ಅಂದರು. ಸಾಲಿನ ಶುರುವಿನಲ್ಲೇ ಅಳತೆ ನೋಡಿದ್ದರೆ ಆಗುತ್ತಿತ್ತು, ಅಲ್ವಾ? ಅವಳು ಅಳಲಿಲ್ಲ, ಅದೇ ನನಗೆ ಜಾಸ್ತಿ ಸಂಕಟ ಆಯಿತು. ಮನೆಗೆ ಬಂದ ಮೇಲೆ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಹಾಕಲು ಶುರು ಮಾಡಿದ್ದಾಳೆ. ಪ್ರತಿ ಗೆರೆಯ ಪಕ್ಕ ತಾರೀಕು. ಈಗ 137 ಸೆಂ.ಮೀ. ಮಗ 98.

ನಮ್ಮ ಮುಂದೆ ಮೂರು ಹೆಸರು ಇವೆ: ಬಿಡದಿಯ ವಂಡರ್‌ಲಾ, ಹೈದರಾಬಾದ್ (ಅಲ್ಲಿಯ ವಂಡರ್‌ಲಾ ಜೊತೆ ರಾಮೋಜಿ ಫಿಲ್ಮ್ ಸಿಟಿ), ಇಲ್ಲದಿದ್ದರೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ. ಈ ರಜೆಯಲ್ಲೇ ಹೋಗೋಣವಾ, ಜೂನ್‌ಗೆ ಕಾಯೋಣವಾ, ದಸರಾ ರಜೆಗೆ ಇಟ್ಟುಕೊಳ್ಳೋಣವಾ? ಹೋಗಿ ಬಂದವರು ದಯವಿಟ್ಟು ಹೇಳಿ. ದುಡ್ಡು ಕೂಡಿಸಿಟ್ಟು ವರ್ಷಕ್ಕೊಮ್ಮೆ ಹೋಗುವ ಪ್ರವಾಸ ನಮ್ಮದು, ಹಾಳಾಗಬಾರದು.

ಕೆಂಗೇರಿಯವನು

ಅಕ್ಕಾ, ನಾನು ಬಿಡದಿ ಪಾರ್ಕಿಗೆ 2005ರಲ್ಲಿ ಅದು ಶುರುವಾದ ಹೊಸತರಿಂದ ಹೋಗುತ್ತಿದ್ದೇನೆ. ಮೊದಲು ಕಾಲೇಜು ಗೆಳೆಯರ ಜೊತೆ, ಈಗ ಮಕ್ಕಳ ಜೊತೆ. ನನ್ನ ಅನುಭವದಲ್ಲಿ ಯಾವ ಪಾರ್ಕ್ ಅನ್ನುವುದಕ್ಕಿಂತ ಯಾವ ದಿನ ಅನ್ನುವುದು ದೊಡ್ಡದು. ಅದೇ ಪಾರ್ಕಿನಲ್ಲಿ ಮೇ ತಿಂಗಳ ಭಾನುವಾರ ಸಂಜೆವರೆಗೂ ನಿಂತು ಆರೇಳು ರೈಡ್ ಆಡಿದ್ದೂ ಇದೆ, ಜೂನ್ ಕೊನೆಯ ಒಂದು ಬುಧವಾರ ಬೇಕಾದ್ದನ್ನೆಲ್ಲ ಆಡಿ, ಇಷ್ಟವಾದದ್ದನ್ನು ಮತ್ತೆ ಮತ್ತೆ ಆಡಿದ್ದೂ ಇದೆ. ಟಿಕೆಟ್ ಕೂಡ ವಾರದ ನಡುವೆ ಅಗ್ಗ.

ಏಪ್ರಿಲ್–ಮೇ ಬಿಡಿ. ರಾಜ್ಯದ ಎಲ್ಲ ಶಾಲೆಗೂ ರಜೆ, ಪರೀಕ್ಷೆ ಮುಗಿಸಿದ ಎಸ್ಸೆಸ್ಸೆಲ್ಸಿ, ಪಿಯುಸಿ ಹುಡುಗರೆಲ್ಲ ಅಲ್ಲೇ ಇರುತ್ತಾರೆ. ಮೇ ಬಂತೆಂದರೆ ಮಧ್ಯಾಹ್ನ ಮೂರು–ನಾಲ್ಕಕ್ಕೆ ಗುಡುಗು ಮಳೆ ಬೇರೆ. ಗುಡುಗಿದರೆ ನೀರಿನಿಂದ ಎಲ್ಲರನ್ನೂ ಮೇಲೆ ಕಳಿಸುತ್ತಾರೆ, ಅದು ಸರಿಯೂ ಹೌದು. ಸೆಪ್ಟೆಂಬರ್–ಅಕ್ಟೋಬರ್ ಬೆಂಗಳೂರಿನ ಕಡೆ ಜೋರು ಮಳೆಯ ತಿಂಗಳು. ಡಿಸೆಂಬರ್–ಜನವರಿಯಲ್ಲಿ ಬಿಸಿಲು ಚೆನ್ನಾಗಿರುತ್ತದೆ, ಆದರೆ ನೀರಿಗೆ ಇಳಿದರೆ ಮಕ್ಕಳ ಹಲ್ಲು ಕಟಕಟ ಅನ್ನುತ್ತದೆ. ನನ್ನ ಮಗ ಒಂದು ಡಿಸೆಂಬರ್‌ನಲ್ಲಿ ಅಲೆಯ ಕೊಳದಿಂದ ಐದೇ ನಿಮಿಷಕ್ಕೆ ತುಟಿ ನೀಲಿ ಮಾಡಿಕೊಂಡು ಹೊರಗೆ ಬಂದ, ಆಮೇಲೆ ಟವೆಲ್ ಸುತ್ತಿಕೊಂಡು ಕೂತವನು ಏಳಲೇ ಇಲ್ಲ.

ಉಳಿಯುವುದು ಎರಡು ಸಮಯ. ಜೂನ್ ನಡುವಿನಿಂದ ಜುಲೈ: ಶಾಲೆ ಶುರುವಾಗಿರುತ್ತದೆ, ಇಲ್ಲಿ ಮುಂಗಾರು ಅಂದರೆ ಮೋಡ ಮತ್ತು ಸಣ್ಣ ಜಿಟಿಜಿಟಿ. ಇನ್ನೊಂದು ಫೆಬ್ರವರಿ: ಚಳಿ ಹೋಗಿರುತ್ತದೆ, ಮಳೆ ಇಲ್ಲ, ಪರೀಕ್ಷೆ ಹತ್ತಿರ ಬಂತು ಅಂತ ಅಪ್ಪ ಅಮ್ಮಂದಿರು ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಶಿವರಾತ್ರಿ ಯಾವ ದಿನ ಅಂತ ನೋಡಿಕೊಂಡು, ಅದರ ಅಕ್ಕಪಕ್ಕದ ದಿನ ಬಿಟ್ಟುಬಿಡಿ. ಎರಡನೇ, ನಾಲ್ಕನೇ ಶನಿವಾರವೂ ಬೇಡ.

ಹೋದ ದಿನ ಹೀಗೆ ಮಾಡಿ. ಗೇಟ್ ತೆಗೆಯುವ ಮೊದಲೇ ಅಲ್ಲಿರಿ. ಒಳಗೆ ಹೋದವರು ಎಲ್ಲರೂ ಮೊದಲು ಕಂಡ ರೈಡಿನ ಮುಂದೆ ನಿಲ್ಲುತ್ತಾರೆ. ನೀವು ನೇರ ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್ ಕಡೆ ನಡೆಯಿರಿ. ಅದರಲ್ಲಿ ಇರುವುದು ಒಂದೇ ರೈಲು. ಹಿಂದಕ್ಕೆ ಎಳೆದು ಮೇಲೆ ಏರಿಸಿ ಬಿಡುತ್ತಾರೆ, ಮುಂದೆ ನುಗ್ಗಿ ಸುರುಳಿ ಹೊಡೆದು, ಮತ್ತೆ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಬರುತ್ತದೆ. ಅದು ಬರುವ ತನಕ ಮುಂದಿನವರು ಕೂರುವ ಹಾಗಿಲ್ಲ, ಅದಕ್ಕೇ ಸಾಲು ನಿಧಾನ. ಮಧ್ಯಾಹ್ನ ಎಲ್ಲರೂ ನೀರಿಗೆ ಇಳಿದಾಗ ಒಣ ರೈಡ್‌ಗಳು ಖಾಲಿ ಇರುತ್ತವೆ, ಆಗ ಉಳಿದವನ್ನು ಮುಗಿಸಿ. ನೀರಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು, ಹತ್ತಿ ಬಟ್ಟೆ, ಸೀರೆ, ಚೂಡಿದಾರದಲ್ಲಿ ಬಿಡುವುದಿಲ್ಲ. ಊರಿಂದಲೇ ತನ್ನಿ, ಅಲ್ಲಿ ಕೊಂಡರೆ ಜಾಸ್ತಿ ಆಗುತ್ತದೆ. ಹೊರಗಿನ ತಿಂಡಿಗೂ ಒಳಗೆ ಅವಕಾಶ ಇಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೇ ಹೋಗಿ, ಬೆಣ್ಣೆ ಹಾಕಿಸಿಕೊಂಡು.

ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮದಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆದರೆ ಅದೇ ದಿನ ಪಾರ್ಕ್ ಬೇಡ, ಅವ್ವನಿಗೆ ಕಷ್ಟ. ವಂದೇ ಭಾರತ್‌ನಲ್ಲಿ ಮಧ್ಯಾಹ್ನ ಹೊರಟು ರಾತ್ರಿ ಇಲ್ಲಿ ಮಲಗಿ, ಮರುದಿನ ಹೋಗಿ. ನೇರಳೆ ಮೆಟ್ರೋ ಈಗ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಬರುತ್ತದೆ, ಅಲ್ಲಿಂದ ಬಸ್ಸೋ ಕ್ಯಾಬೋ ಸಾಕು. ಬೈಕಿನಲ್ಲಿ ಬರುವವರು ಇದನ್ನು ಓದುತ್ತಿದ್ದರೆ: ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬನ್ನಿ.

ಬೆಳಗಾವಿ_ಕುಂದಾ

ಖೋಪೋಲಿಗೆ ನಾವು ಎರಡು ಸಲ ಹೋಗಿದ್ದೇವೆ, ಹಾಗಾಗಿ ಆ ಮಾತು ನಾನು ಹೇಳುತ್ತೇನೆ. ಬರೀ ರೋಲರ್ ಕೋಸ್ಟರ್ ನೋಡಿದರೆ ನನಗೆ ಇಮ್ಯಾಜಿಕಾನೇ ಮೇಲು. ಅಲ್ಲಿ ನೈಟ್ರೋ ಅಂತ ಒಂದಿದೆ, ಕಾಲ ಕೆಳಗೆ ನೆಲವೇ ಇರುವುದಿಲ್ಲ, ಸೀಟಿನಲ್ಲಿ ಕೂತು ಕಾಲು ಜೋತುಬಿಟ್ಟುಕೊಂಡು ಹೋಗುವುದು. ಹತ್ತಿದ್ದು ಎರಡು ವರ್ಷದ ಹಿಂದೆ, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಥೀಮ್ ಪಾರ್ಕ್, ವಾಟರ್ ಪಾರ್ಕ್, ಸ್ನೋ ಪಾರ್ಕ್ ಬೇರೆ ಬೇರೆ, ಟಿಕೆಟ್ಟೂ ಬೇರೆ. ಎಲ್ಲ ಒಂದೇ ದಿನ ಆಗುವುದಿಲ್ಲ.

ಆದರೆ ಅದು ನಮ್ಮ ಬೆಳಗಾವಿಗೇ ದೂರ, ನಿಮಗೆ ಇನ್ನೂ ದೂರ. ಪುಣೆ ದಾಟಿ, ಲೋಣಾವಳ ದಾಟಿ, ಘಟ್ಟ ಇಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಬೇಡವೇ ಬೇಡ. ಬೆಂಗಳೂರಿನ ಜಿಟಿಜಿಟಿ ಮಳೆ ಅಲ್ಲ ಅದು, ಪಶ್ಚಿಮ ಘಟ್ಟದ ಬುಡದ ಮಳೆ. ನಾವು ಮೊದಲ ಸಲ ಜುಲೈನಲ್ಲಿ ಹೋಗಿ, ಅರ್ಧ ದಿನ ಒಂದು ಸೂರಿನ ಕೆಳಗೆ ನಿಂತು ಮಳೆ ನೋಡಿದೆವು. ಮಕ್ಕಳು ‘ಯಾವಾಗ ನಿಲ್ಲುತ್ತದೆ’ ಅಂತ ಕೇಳಿ ಕೇಳಿ ಸುಸ್ತಾದರು. ಎರಡನೇ ಸಲ ನವೆಂಬರ್‌ನಲ್ಲಿ, ದೀಪಾವಳಿ ಮುಗಿದು ಒಂದು ವಾರ ಬಿಟ್ಟು ಹೋದೆವು, ಅದು ಬಹಳ ಚೆನ್ನಾಗಿ ಆಯಿತು. ದೀಪಾವಳಿ ವಾರದಲ್ಲಿ ಹೋಗಬೇಡಿ, ಮುಂಬೈ ಪುಣೆ ಎರಡೂ ಅಲ್ಲಿಗೇ ಬರುತ್ತವೆ.

ಅವ್ವನ ವಿಷಯಕ್ಕೆ ಒಂದು ಮಾತು. ಪಾರ್ಕ್ ಇರುವುದು ಖೋಪೋಲಿ–ಪಾಲಿ ರಸ್ತೆಯಲ್ಲಿ. ಪಾಲಿಯಲ್ಲಿ ಬಲ್ಲಾಳೇಶ್ವರ, ಖೋಪೋಲಿ ಹತ್ತಿರದ ಮಹಡದಲ್ಲಿ ವರದವಿನಾಯಕ, ಎರಡೂ ಅಷ್ಟವಿನಾಯಕದವು. ನಮ್ಮ ಆಯಿ ಪಾರ್ಕಿಗೆ ಬರಲ್ಲ ಅಂದವರು ಈ ಎರಡು ಗಣಪತಿ ಸಿಗುತ್ತದೆ ಅಂದ ಕೂಡಲೇ ಬ್ಯಾಗ್ ತುಂಬಿಸಿದರು. ಮಗಳು ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಮೂರು ದಿನ ಇಟ್ಟುಕೊಂಡು ಹೋಗಿ. ಈಗ ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ಅಷ್ಟು ದೂರ ಯಾಕೆ?

ಬಿಸಿಲೂರಿನವಳು

ಕಲಬುರಗಿಯಿಂದ ಬರೆಯುತ್ತಿದ್ದೇನೆ. ನಮಗೆ, ಬೀದರ್, ರಾಯಚೂರು ಕಡೆಯವರಿಗೆ ಹೈದರಾಬಾದೇ ಹತ್ತಿರ, ಬೆಂಗಳೂರು ದೂರದ ಊರು. ಹಾಗಾಗಿ ನಮ್ಮ ಕಡೆ ಎಲ್ಲರೂ ಹೋಗುವುದು ರಾವಿರ್ಯಾಲದ ವಂಡರ್‌ಲಾಕ್ಕೆ. 2016ರಲ್ಲಿ ಶುರುವಾಯಿತು, ಹೊರ ವರ್ತುಲ ರಸ್ತೆಯ ಪಕ್ಕದಲ್ಲೇ ಇದೆ. ಬಿಡದಿಯಲ್ಲಿ ಇರುವ ಮುಖ್ಯವಾದವು ಅಲ್ಲೂ ಇವೆ, ರಿಕಾಯಿಲ್ ಕೂಡ. ಹುಬ್ಬಳ್ಳಿಯಿಂದ ಅದಕ್ಕೋಸ್ಕರವೇ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ರಾಮೋಜಿ ಬೇರೆಯದೇ ತರಹ. ಅದು ರೈಡ್‌ಗಳಿಗೆ ಹೋಗುವ ಜಾಗ ಅಲ್ಲ, ಸಿನಿಮಾ ಸೆಟ್ ನೋಡಲು ಹೋಗುವ ಜಾಗ. 1996ರಲ್ಲಿ ಶುರುವಾದದ್ದು, ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೋ ಅಂತ ಗಿನ್ನೆಸ್‌ನಲ್ಲಿ ಸೇರಿದೆ. ಬಸ್ಸಿನಲ್ಲಿ ಕೂರಿಸಿಕೊಂಡು ಸುತ್ತಿಸುತ್ತಾರೆ. ಒಂದು ಮೂಲೆಯಲ್ಲಿ ರೈಲ್ವೆ ಸ್ಟೇಷನ್, ಇನ್ನೊಂದು ಕಡೆ ವಿಮಾನ ನಿಲ್ದಾಣ, ಹಿಂದೆ ಹೋಗಿ ನೋಡಿದರೆ ಬರೀ ಗೋಡೆ. ಹಿರಿಯರಿಗೆ ಇಷ್ಟ ಆಗುತ್ತದೆ. ಆದರೆ ಬಸ್ ಇಳಿದು ಹತ್ತಿ, ಶೋಗಳಿಗೆ ಕಾಯುತ್ತಾ ಸಂಜೆಗೆ ಕಾಲು ಸೋಲುತ್ತದೆ, ನಾಲ್ಕು ವರ್ಷದವನು ಮಧ್ಯಾಹ್ನಕ್ಕೇ ಹೆಗಲ ಮೇಲೆ ನಿದ್ದೆ ಹೋಗುತ್ತಾನೆ. ಹೋಗುವುದಾದರೆ ಡಿಸೆಂಬರ್, ಜನವರಿ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲೇ ಹುಟ್ಟಿ ಬೆಳೆದ ನಾವೇ ಆಗ ಹೋಗುವುದಿಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನಮ್ಮವರಿಗೆ ಓದಿ ಹೇಳಿದೆ. ಹೈದರಾಬಾದ್, ಖೋಪೋಲಿ ಸದ್ಯಕ್ಕೆ ಬಿಟ್ಟೆವು. ಬಿಡದಿಗೆ ಜೂನ್‌ನಲ್ಲಿ ಹೋಗೋಣ ಅಂತ ಇದ್ದೇವೆ.

ಒಂದೇ ಅನುಮಾನ. ದೊಡ್ಡ ರೈಡ್‌ಗಳಿಗೆ 140 ಸೆಂ.ಮೀ. ಆಸುಪಾಸು ಕೇಳುತ್ತಾರೆ ಅಂತ ಅಲ್ಲಲ್ಲಿ ಓದಿದೆ. ಮಗಳು 137. ದಪ್ಪ ಅಡಿಯ ಶೂ ಹಾಕಿಸಿದರೆ ನಡೆಯುತ್ತದಾ? ಎರಡು ಮೂರು ಸೆಂ.ಮೀ.ಗೆ ಏನಾಗುತ್ತದೆ ಅನಿಸುತ್ತದೆ. ತಪ್ಪು ಕೇಳಿದ್ದರೆ ಕ್ಷಮಿಸಿ, ಅವಳ ಮುಖ ನೋಡಿ ಕೇಳುತ್ತಿದ್ದೇನೆ.

ಲಿವರ್_ಹಿಡಿದವನು

ಮೇಡಂ, ನಾನು ಒಂದು ಪಾರ್ಕಿನಲ್ಲಿ ನಾಲ್ಕು ವರ್ಷ ರೈಡ್ ನಡೆಸುವ ಕೆಲಸ ಮಾಡಿದ್ದೇನೆ. ಯಾವ ಪಾರ್ಕ್ ಅಂತ ಹೇಳುವುದಿಲ್ಲ. ಶೂ ವಿಷಯ ದಯವಿಟ್ಟು ಬಿಟ್ಟುಬಿಡಿ.

ಎತ್ತರದ ನಿಯಮ ಧೈರ್ಯಕ್ಕೆ ಸಂಬಂಧಪಟ್ಟದ್ದಲ್ಲ, ವಯಸ್ಸಿಗೂ ಅಲ್ಲ. ಭುಜದ ಮೇಲೆ ಬರುವ ಕಂಬಿ ಒಂದು ಅಳತೆಯ ದೇಹಕ್ಕೆ ಮಾಡಿದ್ದು. ಮೇಲಿನಿಂದ ಎಳೆದು ಕೂರಿಸಿದಾಗ ಅದು ಭುಜಕ್ಕೂ ತೊಡೆಗೂ ಒತ್ತಿ ನಿಲ್ಲಬೇಕು. ಚಿಕ್ಕ ಮಗುವಿಗೆ ಅದು ಭುಜದ ಬದಲು ಕಿವಿಯ ಹತ್ತಿರ ಬರುತ್ತದೆ, ಕೆಳಗೆ ಸೊಂಟ ಸಡಿಲ ಉಳಿಯುತ್ತದೆ. ರೈಲು ತಲೆಕೆಳಗಾಗುವಾಗ ಆ ಸಡಿಲದಲ್ಲಿ ಮಗು ಜಾರುತ್ತದೆ, ತಲೆ ಕಂಬಿಗೆ ಬಡಿಯುತ್ತದೆ. ಶೂ ಅಡಿ ದಪ್ಪ ಇದ್ದರೆ ಅಳತೆ ಕೋಲಿಗೆ ಮೋಸ ಆಗುತ್ತದೆ, ಆದರೆ ಸೀಟಿನಲ್ಲಿ ಕೂತಾಗ ಬೆನ್ನು ಅಷ್ಟೇ ಇರುತ್ತದಲ್ಲ? ನಾನು ಇಳಿಸಿದ ಮಕ್ಕಳ ಮುಖ ಒಂದೊಂದೂ ನೆನಪಿದೆ. ಬೈದವರೂ ಇದ್ದಾರೆ. ಆದರೂ ಒಬ್ಬರನ್ನೂ ಬಿಟ್ಟಿಲ್ಲ. ನಿಮ್ಮ ಮಗಳನ್ನು ಮುಕ್ಕಾಲು ಗಂಟೆ ಕಾಯಿಸಿ ಆಮೇಲೆ ಅಳೆದದ್ದು ತಪ್ಪು. ಆದರೆ ಇಳಿಸಿದ್ದು ತಪ್ಪಲ್ಲ.

ಇನ್ನೊಂದು, ಮನೆಯಲ್ಲಿ ಯಾವ ಹೊತ್ತಿಗೆ ಅಳೆಯುತ್ತೀರಿ? ಬೆಳಿಗ್ಗೆ ಎದ್ದಾಗ ಯಾರೇ ಆದರೂ ಒಂದು ಸೆಂ.ಮೀ.ನಷ್ಟು ಉದ್ದ ಇರುತ್ತಾರೆ. ದಿನವಿಡೀ ನಿಂತು ಓಡಾಡಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿಕೊಂಡು ಸಂಜೆಗೆ ಕಡಿಮೆ ಆಗುತ್ತದೆ. ಸಂಜೆ ಆಟ ಆಡಿ ಬಂದ ಮೇಲೆ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ಒಂದು ದಪ್ಪ ಪುಸ್ತಕ ಅಡ್ಡ ಇಟ್ಟು ಅಳೆಯಿರಿ. ಜುಟ್ಟು ಬಿಚ್ಚಿಸಿ. ಅದು ನಿಜವಾದ ಲೆಕ್ಕ. ಆ ಅಳತೆಯಲ್ಲಿ ಸಾಲಿದರೆ ಯಾವ ಹೊತ್ತಿಗೆ ಅಳೆದರೂ ಸಾಲುತ್ತದೆ.

ಹತ್ತು ವರ್ಷದ ಹುಡುಗಿ ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುವುದು ಸಾಮಾನ್ಯ. ಜೂನ್‌ಗೆ ಸಾಲುವುದಿಲ್ಲ. ಫೆಬ್ರವರಿಗೆ ಧಾರಾಳವಾಗಿ ಸಾಲಬಹುದು. ಹತ್ತು ತಿಂಗಳ ಮಾತು ಅಷ್ಟೇ. ಟಿಕೆಟ್ ತೆಗೆಯುವ ಮೊದಲು ಪಾರ್ಕಿನ ವೆಬ್‌ಸೈಟಿನಲ್ಲಿ ಒಂದೊಂದು ರೈಡಿಗೂ ಎಷ್ಟು ಎತ್ತರ ಅಂತ ಹಾಕಿರುತ್ತಾರೆ, ಮಗಳನ್ನೇ ಕೂರಿಸಿಕೊಂಡು ಓದಿ. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಇಲ್ಲ ಅಂತ ಅವಳಿಗೆ ಮನೆಯಲ್ಲೇ ಗೊತ್ತಿದ್ದರೆ ಅಲ್ಲಿ ಮತ್ತೆ ಹಾಗೆ ಆಗುವುದಿಲ್ಲ.

ಮಳೆ ಬಗ್ಗೆಯೂ ಹೇಳಿಬಿಡುತ್ತೇನೆ. ಸಣ್ಣ ಹನಿಗೇ ರೈಡ್ ನಿಲ್ಲಿಸಿದರು ಅಂತ ಜನ ಕೂಗಾಡುತ್ತಾರೆ. ಹಳಿ ಒದ್ದೆಯಾದರೆ ಬ್ರೇಕ್ ಹಿಡಿತ ಕಡಿಮೆ ಆಗುತ್ತದೆ, ಮಳೆ ನಿಂತ ಮೇಲೂ ಒರೆಸಿ, ಖಾಲಿ ರೈಲು ಓಡಿಸಿ ನೋಡಿಯೇ ಜನರನ್ನು ಕೂರಿಸಬೇಕು. ಜೋರು ಗಾಳಿ ಇದ್ದರೆ ಎತ್ತರದ ಟವರ್‌ಗಳೂ ನಿಲ್ಲುತ್ತವೆ. ನಿಲ್ಲಿಸುವ ಪಾರ್ಕೇ ಒಳ್ಳೆಯ ಪಾರ್ಕ್.

ಚಾಮುಂಡಿಪುರಂ

ಮೈಸೂರಿನವಳು ನಾನು. ಎಲ್ಲರೂ ಮಗಳ ಬಗ್ಗೆ ಹೇಳಿದರು, ಮಗನ ಬಗ್ಗೆ ಯಾರೂ ಹೇಳಲಿಲ್ಲ ರೀ. 98 ಸೆಂ.ಮೀ. ಅಂದರೆ ಬಿಡದಿಯಲ್ಲಿ ಅವನಿಗೆ ಮಕ್ಕಳ ಟಿಕೆಟ್ ಬೇಕಾಗುತ್ತದೆ, 85 ಸೆಂ.ಮೀ. ಒಳಗಿದ್ದರೆ ಮಾತ್ರ ಪುಕ್ಕಟೆ. ಅವನಿಗೆ ಅಲ್ಲಿ ಪುಟಾಣಿ ರೈಡ್‌ಗಳು ಇವೆ, ಸಣ್ಣ ಕೊಳ ಇದೆ. ಅಕ್ಕ ದೊಡ್ಡದರಲ್ಲಿ ಹೋದಾಗ ಒಬ್ಬರು ಇವನ ಜೊತೆ ಇರಬೇಕು. ನೀವು ಗಂಡ ಹೆಂಡತಿ ಸರದಿ ಮಾಡಿಕೊಳ್ಳಿ, ಅವನನ್ನು ಅವ್ವನ ಮೇಲೆ ಬಿಡಬೇಡಿ. ನೀರು ಇರುವ ಕಡೆ ಮಂಡಿ ನೋವಿನವರು ಓಡಿ ಹಿಡಿಯಲು ಆಗುವುದಿಲ್ಲ.

ಬರೀ ಚಿಕ್ಕ ಮಕ್ಕಳೇ ಇದ್ದಿದ್ದರೆ ನಮ್ಮ ಮೈಸೂರಿನ ಜಿಆರ್‌ಎಸ್ ಪಾರ್ಕಿಗೆ ಬನ್ನಿ ಅನ್ನುತ್ತಿದ್ದೆ. ಸಣ್ಣದು, ಮಗುವಿನ ಮೇಲೆ ಕಣ್ಣಿಡುವುದು ಸುಲಭ. ನಿಮ್ಮ ಮಗಳಿಗೆ ಅದು ಸಾಲದು.

ಫೆಬ್ರವರಿಯೇ ಸರಿ. ದಸರಾ ರಜೆ ಬೇಡ, ಆ ಹತ್ತು ದಿನ ಬೆಂಗಳೂರು–ಮೈಸೂರು ರಸ್ತೆಯೇ ಜಾತ್ರೆ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ವಾರದ ದಿನ ಅಂತ ಹೋದರೂ ಐವತ್ತು ಐವತ್ತು ಮಕ್ಕಳ ಸಾಲು ನಿಮ್ಮ ಮುಂದೆ ಇರುತ್ತದೆ.

ಅವ್ವನಿಗಾಗಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಬಿಡದಿ ದಾಟಿ ಮುಂದೆ ಬಂದರೆ ರಾಮನಗರದ ಹತ್ತಿರ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಕೂಡಿಸಿದ ಸಾಮಾನುಗಳು. ಬೀಸೋಕಲ್ಲು, ಮರದ ಅಳತೆ ಪಾತ್ರೆ, ತೊಗಲುಗೊಂಬೆ. ನಮ್ಮತ್ತೆ ಒಂದು ಒನಕೆ ಮುಂದೆ ನಿಂತು ತಮ್ಮ ತವರಿನ ಕಥೆ ಅರ್ಧ ಗಂಟೆ ಹೇಳಿದರು, ನಾನು ಮದುವೆಯಾಗಿ ಹದಿನೈದು ವರ್ಷಕ್ಕೆ ಅದನ್ನು ಮೊದಲ ಸಲ ಕೇಳಿದ್ದು. ನೆನಪಿಡಿ, ಅದಕ್ಕೆ ಮಂಗಳವಾರ ರಜೆ. ಮೈಸೂರು ಮೃಗಾಲಯಕ್ಕೂ ಮಂಗಳವಾರವೇ ರಜೆ. ಅದಕ್ಕೇ ಬುಧವಾರ ಪಾರ್ಕ್, ಗುರುವಾರ ಜಾನಪದ ಲೋಕ, ಮನಸ್ಸಿದ್ದರೆ ಅಲ್ಲಿಂದ ಮೈಸೂರು, ಶುಕ್ರವಾರ ಮೃಗಾಲಯ. ಶುಕ್ರವಾರ ಸಂಜೆ ಬೆಂಗಳೂರಿನ ಜನ ಈ ಕಡೆ ಬರುವ ಹೊತ್ತಿಗೆ ನೀವು ಹುಬ್ಬಳ್ಳಿ ರೈಲಿನಲ್ಲಿರಿ.

ಶಿಗ್ಗಾಂವ್_ಮಾಸ್ತರ

ತಂಗಿ, ಫೆಬ್ರವರಿವರೆಗೆ ಮಕ್ಕಳು ಸುಮ್ನೆ ಮನೆಯಲ್ಲಿ ಕೂರಬೇಕಾ? ನಿಮ್ಮ ಊರಿಂದ ಒಂದು ತಾಸಿನ ದಾರಿಯಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದೆ, ಹೆದ್ದಾರಿ ಪಕ್ಕದಲ್ಲೇ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು. ಇದೂ ಥೀಮ್ ಪಾರ್ಕೇ, ಥೀಮ್ ನಮ್ಮ ಹಳ್ಳಿ. ರೊಟ್ಟಿ ಬಡಿಯುವವಳು, ಎತ್ತು, ಕುಸ್ತಿ ಆಡುವವರು, ಸಂತೆ, ಎಲ್ಲ ಸಿಮೆಂಟಿನ ಮೂರ್ತಿಗಳು. ಆಳೆತ್ತರ. ಹತ್ತಿರ ಹೋಗಿ ನೋಡಿದರೆ ಕೈಯ ನರ ಕಾಣುತ್ತದೆ.

ನಾನು ಶಾಲೆ ಮಕ್ಕಳನ್ನು ಹಲವು ಸಲ ಕರೆದುಕೊಂಡು ಹೋಗಿದ್ದೇನೆ. ಒಮ್ಮೆ ಒಬ್ಬ ಹುಡುಗ ಕೂತಿದ್ದ ಮುದುಕನ ಮೂರ್ತಿಗೆ ‘ಅಜ್ಜಾ, ಸ್ವಲ್ಪ ಸರಿ’ ಅಂತ ಹೇಳಿ ಪಕ್ಕದಲ್ಲಿ ಕೂತ. ಬಿಸಿಲು ಏರುವ ಮೊದಲು, ಬೆಳಿಗ್ಗೆ ಹೋಗಿ. ಇಲ್ಲದಿದ್ದರೆ ನಾಲ್ಕರ ಮೇಲೆ. ಅವ್ವನ ಮಂಡಿಗೆ ತೊಂದರೆ ಇಲ್ಲ, ನಿಧಾನ ಕೂತು ಎದ್ದು ನೋಡಬಹುದು.

ಹುಬ್ಬಳ್ಳಿ_ಗಿರ್ಮಿಟ್

ಮಾಸ್ತರ್ರೇ, ನಿನ್ನೆ ಬೆಳಿಗ್ಗೆಯೇ ಹೋಗಿ ಬಂದೆವು. ಅವ್ವ ರೊಟ್ಟಿ ಬಡಿಯುವ ಮೂರ್ತಿ ಮುಂದೆ ನಿಂತು ‘ಇವಳ ಕೈ ಸರಿಯಿದೆ’ ಅಂದಳು. ಮಗ ಎತ್ತಿನ ಹತ್ತಿರದಿಂದ ಬರಲೇ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿದ್ದೆವು, ಬರುವಾಗ ಒಂದು ಹುಣಸೆ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಉಂಡೆವು.

ಬಿಡದಿ ಫೆಬ್ರವರಿಗೆ ಅಂತ ಗಟ್ಟಿ ಮಾಡಿದೆವು. ಬುಧವಾರ ಪಾರ್ಕ್, ಗುರುವಾರ ಜಾನಪದ ಲೋಕ. ಮೈಸೂರು ಆ ಹೊತ್ತಿಗೆ ನೋಡೋಣ. ಮಗಳಿಗೆ ರೈಡ್ ನಡೆಸುವ ಅಣ್ಣ ಬರೆದದ್ದನ್ನು ಪೂರ್ತಿ ಓದಿಸಿದೆ. ಶೂ ಮಾತನ್ನು ನಾನೇ ಕೇಳಿದ್ದು ಅಂತಲೂ ಹೇಳಿದೆ. ಎರಡು ಸಲ ಓದಿ, ‘ಹಾಗಾದರೆ ಅವರು ಆವತ್ತು ನನ್ನನ್ನು ಬೀಳದ ಹಾಗೆ ಇಳಿಸಿದ್ದಾ’ ಅಂತ ಕೇಳಿದಳು. ಹೌದು ಅಂದೆ.

ಸಂಜೆ ಜುಟ್ಟು ಬಿಚ್ಚಿ, ಬರಿಗಾಲಲ್ಲಿ ಚೌಕಟ್ಟಿಗೆ ನಿಂತಳು. ತಲೆ ಮೇಲೆ ನಿಘಂಟು ಇಟ್ಟು ನಮ್ಮವರು ಗೆರೆ ಎಳೆದರು. 136 ಮತ್ತೆ ಅರ್ಧ. ಹಳೆಯ ಗೆರೆಯನ್ನು ಅವಳೇ ರಬ್ಬರ್‌ನಿಂದ ಅಳಿಸಿ, ಹೊಸದರ ಪಕ್ಕ ತಾರೀಕು ಬರೆದು, ಅದರ ಮುಂದೆ ‘ಸಂಜೆ’ ಅಂತ ಸೇರಿಸಿದಳು.